ಎರಡನೆಯ ಜಾಡಿ

ಕಾಳಿನ ಪೇಟೆಯಲ್ಲಿ ಅಂಗಡಿಯಮ್ಮನ ಹೆಬ್ಬೆರಳಿನ ಉಗುರಿಗೆ ಅಂಜದ ಹುಳವಿರಲಿಲ್ಲ. ಗಿರಾಕಿಯ ಮನೆಯ ಕ್ಷೇಮ ಕೇಳುತ್ತ, ತಕ್ಕಡಿಯ ಮುಳ್ಳು ನೋಡುತ್ತ ಇರುವಾಗಲೇ ಆ ಉಗುರು ತನ್ನಷ್ಟಕ್ಕೆ ತಾನೇ ಹೋಗಿ ಮೇಜಿನ ಮೇಲೆ 'ಚಟ್' ಎನ್ನುತ್ತಿತ್ತು. ಅಲ್ಲಿಗೆ ಒಂದು ಹುಳದ ಕಥೆ ಮುಗಿಯಿತು.

"ಇದು ನಮ್ಮದಲ್ಲ, ಪಕ್ಕದ ಗಿರಣಿಯಿಂದ ದಾರಿ ತಪ್ಪಿ ಬಂದಿದ್ದು," ಎಂದು ಅವಳು ಸೆರಗಿಗೆ ಉಗುರು ಒರೆಸಿಕೊಳ್ಳುತ್ತಿದ್ದಳು.

ಅವಳ ಅಂಗಡಿಯಲ್ಲಿ ಮೂಟೆಗಳು ನೆಲ ಮುಟ್ಟುತ್ತಿರಲಿಲ್ಲ. ಹಲಗೆಯ ಮೇಲೆ, ಗೋಡೆಗೆ ಒಂದು ಗೇಣು ದೂರ, ಗಾಳಿ ಆಡುವ ಹಾಗೆ ಕೂತಿರುತ್ತಿದ್ದವು. ಗಂಡ ಬಿಟ್ಟುಹೋದ ಸಾಲು ಸಾಲು ಡಬ್ಬಗಳನ್ನು ಅವಳು ವಾರಕ್ಕೊಮ್ಮೆ ಖಾಲಿ ಮಾಡಿ ತೊಳೆದು ಬಿಸಿಲಿಗಿಡುತ್ತಿದ್ದಳು. ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿದ್ದಳು: "ಒಂದು ಹುಳ ತೋರಿಸಿ, ಒಂದು ಮೂಟೆ ಒಯ್ಯಿರಿ." ಆ ಮೂಟೆಯನ್ನು ಹೊತ್ತುಕೊಂಡು ಹೋದವರು ಇದುವರೆಗೆ ಯಾರೂ ಇರಲಿಲ್ಲ.

ಇಂಥವಳ ಹೊಟ್ಟೆಯಲ್ಲಿ ಹುಳ ಸಾಕುವ ಮಗಳು ಹುಟ್ಟಿದ್ದಳು.

ಚಿಕ್ಕವಳಿದ್ದಾಗ ಅಕ್ಕಿ ಆರಿಸಲು ಕೂರಿಸಿದರೆ ಆ ಹುಡುಗಿ ಸಿಕ್ಕಿದ ಹುಳವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಂಡು, ರಾತ್ರಿ ತಲೆದಿಂಬಿನ ಪಕ್ಕ ಮಲಗಿಸುತ್ತಿದ್ದಳು. ದೊಡ್ಡವಳಾದ ಮೇಲೂ ಬುದ್ಧಿ ಬದಲಾಗಲಿಲ್ಲ. ಬೆಂಕಿಪೊಟ್ಟಣ ಮಾತ್ರ ಬದಲಾಗಿ ಗಾಜಿನ ತೊಟ್ಟಿಯಾಯಿತು. ಊರ ಹೊರಗಿನ ಸಂಶೋಧನಾ ಕೇಂದ್ರದಲ್ಲಿ ಅವಳು ಎಳ್ಳಿಗಿಂತ ಒಂದು ಸುತ್ತು ದೊಡ್ಡದಾದ, ಕಪ್ಪಗೆ ಮಿರುಗುವ, ಮುಖದ ತುದಿಗೆ ಸೊಂಡಿಲಿನಂಥ ಮೂತಿಯಿರುವ ಹುಳಗಳನ್ನು ಸಾವಿರಗಟ್ಟಲೆ ಬೆಳೆಸುತ್ತಿದ್ದಳು. ಪೇಟೆಯವರು ಅವಳನ್ನು 'ಹುಳದ ಡಾಕ್ಟ್ರು' ಎನ್ನುತ್ತಿದ್ದರು. ಅಂಗಡಿಯಮ್ಮನಿಗೆ ಅವಳು ಇನ್ನೂ 'ಪುಟ್ಟಿ'.

ಆ ಹುಳಗಳನ್ನು ಸಾಕುತ್ತಿದ್ದುದು ಊರ ಕೆರೆಗಾಗಿ. ಕೆರೆ ಎಂದರೆ ಸಣ್ಣದಲ್ಲ. ಆಚೆ ದಡದ ಮನುಷ್ಯ ಈಚೆಯವರಿಗೆ ಬೆರಳಷ್ಟು ಕಾಣಿಸುತ್ತಿದ್ದ. ಎಲ್ಲಿಂದಲೋ ಬಂದ ತೇಲುವ ಕಳೆಯೊಂದು ಅದರ ಮೇಲೆ ಹೊದಿಕೆ ಹೊದೆಸಿಬಿಟ್ಟಿತ್ತು. ಇವತ್ತು ಕೈಯಲ್ಲಿ ಬಾಚಿ ಎಸೆದರೆ ಮುಂದಿನ ವಾರ ಅದೇ ಜಾಗದಲ್ಲಿ ಎರಡರಷ್ಟು. ಕೆಳಗಿನ ನೀರಿಗೆ ಬಿಸಿಲಿಲ್ಲ, ಗಾಳಿಯಿಲ್ಲ. ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ದೋಣಿಯವನ ದೋಣಿ ದಡದಲ್ಲಿ ಬೋರಲು ಬಿದ್ದು, ಅದರ ಕೆಳಗೆ ಬೆಕ್ಕು ಮರಿ ಹಾಕಿತ್ತು. ಅವನು ಈಗ ಮನೆಮನೆಗೆ ಹೋಗಿ ಕುರ್ಚಿಯ ಕಾಲು ಸರಿಮಾಡುತ್ತಿದ್ದ. ಆಚೆ ದಡದಿಂದ ದೋಣಿಯಲ್ಲಿ ಬರುತ್ತಿದ್ದ ಕಾಳು ಲಾರಿಯಲ್ಲಿ ಊರು ಸುತ್ತಿ ಬರುತ್ತಿತ್ತು, ಅರ್ಧ ಗಿರಾಕಿಗಳು ಬರುವುದನ್ನೇ ಬಿಟ್ಟಿದ್ದರು.

ಊರಸಭೆಯ ಮುಂದೆ ಎರಡೇ ದಾರಿ ಇದ್ದವು. ಒಂದು, ವಿಷ ಸಿಂಪಡಿಸುವುದು; ಆಮೇಲೆ ಉಳಿದ ಮೀನಿನ ಆಸೆಯನ್ನೂ ಬಿಡುವುದು. ಇನ್ನೊಂದು, ಪುಟ್ಟಿಯ ಹುಳ. ಆ ಕಳೆ ಹುಟ್ಟಿದ ದೂರದ ನಾಡಿನಿಂದಲೇ ಅದರ ವೈರಿಯನ್ನೂ ಕರೆತಂದಿದ್ದರು. ದೊಡ್ಡ ಹುಳ ಮೊಗ್ಗು ತಿನ್ನುತ್ತದೆ, ಮರಿ ದಂಟು ಕೊರೆಯುತ್ತದೆ, ಗಿಡ ಕಂದಿ ಮುಳುಗುತ್ತದೆ. ಮೇಲಿನವರ ಅಪ್ಪಣೆ ಬಂದಾಗಿತ್ತು. ಬೇಕಾಗಿದ್ದುದು ಊರಿನ ಒಪ್ಪಿಗೆ ಒಂದೇ. ಅದಕ್ಕೆ ಅಡ್ಡ ನಿಂತದ್ದು ಕಾಳಿನ ವರ್ತಕರ ಸಂಘ. ಸಂಘದ ಹಿರಿಯ ತಲೆ ಬೇರೆ ಯಾರೂ ಅಲ್ಲ, ಅಂಗಡಿಯಮ್ಮನೇ.

"ಮೂತಿ ಇರೋದೆಲ್ಲ ಕೊರೆಯುತ್ತೆ ಕಣೇ," ಎಂದಳು ಅವಳು, ಸಂಜೆ ಅಂಗಡಿಯ ಹಿಂದಿನ ಮನೆಯಲ್ಲಿ ಚಹಾ ಸೋಸುತ್ತ. "ಇವತ್ತು ಕಳೆ ತಿನ್ನತ್ತೆ. ನಾಳೆ ಕಳೆ ಮುಗಿದ್ರೆ? ಕೆರೆ ಏರಿ ಹತ್ತಿ ನೆಟ್ಟಗೆ ನನ್ನ ಅಂಗಡಿಗೆ ಬರತ್ತೆ."

"ಬರಲ್ಲಮ್ಮ. ಅದಕ್ಕೆ ಆ ಗಿಡ ಬಿಟ್ರೆ ಬೇರೆ ಊಟ ಗೊತ್ತೇ ಇಲ್ಲ. ಎಷ್ಟು ಬೆಳೆ ಮೇಲೆ ಬಿಟ್ಟು ನೋಡಿದೀವಿ ಗೊತ್ತಾ? ಹಸಿದು ಸಾಯ್ತು, ಬಾಯಿ ಹಾಕಲಿಲ್ಲ."

"ಅಕ್ಕಿಹುಳಕ್ಕೂ ಅದೇ ಮೂತಿ, ಇದಕ್ಕೂ ಅದೇ ಮೂತಿ."

"ನಿನಗೂ ಚಿಕ್ಕಮ್ಮಂಗೂ ಒಂದೇ ಮೂಗು. ಚಿಕ್ಕಮ್ಮ ಯಾವತ್ತಾದ್ರೂ ತಕ್ಕಡಿ ಹಿಡಿದಿದ್ದಾಳಾ?"

ಅಂಗಡಿಯಮ್ಮನಿಗೆ ನಗು ಬಂತು, ಆದರೆ ತೋರಿಸಲಿಲ್ಲ. ವ್ಯಾಪಾರದಲ್ಲಿ ಮೊದಲು ನಕ್ಕವರು ಬೆಲೆ ಇಳಿಸಬೇಕಾಗುತ್ತದೆ.

ಮರುದಿನ ಪಕ್ಕದ ಹಿಟ್ಟಿನ ಗಿರಣಿಯವನು ಬಂದು ಹೊಸಿಲ ಮೇಲೆ ಕಾಲಿಟ್ಟ. ಅವನಿಗೆ ಪೇಟೆಯಲ್ಲಿ 'ಜರಡಿ' ಎಂದು ಹೆಸರು, ಏಕೆಂದರೆ ಅವನಲ್ಲಿ ಯಾವ ಗುಟ್ಟೂ ನಿಲ್ಲುತ್ತಿರಲಿಲ್ಲ. ಮೈಯೆಲ್ಲ ಹಿಟ್ಟು, ರೆಪ್ಪೆಯೂ ಬಿಳಿ.

"ಅಕ್ಕಾ, ಒಳ್ಳೆ ಮನೆತನ ನಿಮ್ದು. ತಾಯಿ ಕೊಲ್ತಾಳೆ, ಮಗಳು ಹುಟ್ಟಿಸ್ತಾಳೆ. ಲೆಕ್ಕ ಸಮ ಆಯ್ತು!" ಎಂದ.

ಸುತ್ತ ನಿಂತಿದ್ದ ಗಿರಾಕಿಗಳೆಲ್ಲ ನಕ್ಕರು. ಮಗಳನ್ನು ತಾನು ಬೈಯಬಹುದು. ಜರಡಿ ಬೈದರೆ ಹೇಗೆ? ಅಂಗಡಿಯಮ್ಮನಿಗೆ ರೇಗಿತು. ಮೇಜಿನ ಮೇಲಿದ್ದ ದೊಡ್ಡ ಗಾಜಿನ ಜಾಡಿಯನ್ನು ಠಕ್ಕೆಂದು ಮುಂದೆ ಇಟ್ಟಳು.

"ಬಾಯಿ ಮುಚ್ಚೋ. ಪುಟ್ಟಿ ಅವಳ ಹುಳ ತರಲಿ. ನಾನು ನನ್ನ ಅಕ್ಕಿ ಹಾಕ್ತೀನಿ, ಅದೂ ಹೊಸದಾಗಿ ಬಂದಿರೋ ಒಂದನೇ ನಂಬರು. ಇಲ್ಲೇ, ಎಲ್ಲರ ಕಣ್ಣೆದುರಿಗೆ ಇರಲಿ. ಮುಂದಿನ ಊರಸಭೆವರೆಗೆ ನೋಡೋಣ. ಅಕ್ಕಿ ತಿಂದ್ರೆ ಆ ಹುಳಾನ ನಾನೇ ತೊಟ್ಟಿ ಸಮೇತ ಸುಡಸ್ತೀನಿ. ತಿನ್ನದೇ ಸತ್ರೆ ಸಂಘ ಒಪ್ಪಬೇಕು. ಆಯ್ತಾ?"

"ಆಯ್ತು!" ಎಂದ ಜರಡಿ. ಮಧ್ಯಾಹ್ನದೊಳಗೆ ಇಡೀ ಪೇಟೆಗೆ ಗೊತ್ತಾಯಿತು.

ಸಂಜೆ ಪುಟ್ಟಿ ಕಪ್ಪು ಹುಳಗಳ ಡಬ್ಬಿ ಹಿಡಿದು ಬಂದಳು. ತಾಯಿಯ ಪಂದ್ಯ ಅವಳಿಗೆ ಹಿಡಿಸಿತ್ತು. ಒದ್ದೆ ಹತ್ತಿಯ ಉಂಡೆಯೊಂದನ್ನು ಜಾಡಿಯ ಮೂಲೆಗಿಟ್ಟು, "ಬಾಯಾರಿ ಸತ್ತವು ಅಂತ ಯಾರೂ ಅನ್ನಬಾರದು," ಎಂದಳು. ಆಮೇಲೆ ಇನ್ನೊಂದು ಖಾಲಿ ಜಾಡಿ ಕೇಳಿದಳು.

"ಅದ್ಯಾಕೆ?"

"ಅದರಲ್ಲೂ ಇದೇ ಮೂಟೆ ಅಕ್ಕಿ ಹಾಕಿ, ಹುಳ ಬಿಡದೆ ಪಕ್ಕಕ್ಕೆ ಇಡೋದು. ನಾವು ಯಾವಾಗ್ಲೂ ಹಾಗೇ ಮಾಡೋದಮ್ಮ. ಇದ್ರಲ್ಲಿ ಏನಾದ್ರೂ ಆದ್ರೆ ಅದು ಹುಳದಿಂದ ಆಯ್ತಾ, ಅಕ್ಕಿಯಿಂದ್ಲೇ ಆಯ್ತಾ ಅಂತ ಗೊತ್ತಾಗಬೇಕಲ್ಲ."

"ಅಕ್ಕಿಯಿಂದ್ಲೇ?" ಅಂಗಡಿಯಮ್ಮನ ಹುಬ್ಬು ಮೇಲೇರಿತು. "ನನ್ನ ಅಕ್ಕಿಯಿಂದ ಏನಾಗತ್ತೆ? ಬಾಗಿಲ ಮೇಲೆ ಏನು ಬರೆಸಿದೀನಿ ಓದಿದೀಯಾ? ಗಿರಾಕಿ ಬಂದು ಎರಡನೇ ಜಾಡಿ ಯಾಕೆ ಅಂದ್ರೆ ನಾನೇನು ಹೇಳ್ಲಿ, ನನ್ನ ಮಗಳಿಗೇ ನನ್ನ ಅಕ್ಕಿ ಮೇಲೆ ಅನುಮಾನ ಅಂತಲಾ?"

"ಅನುಮಾನ ಅಲ್ಲಮ್ಮ, ಅದು ಪದ್ಧತಿ..."

"ನಿನ್ನ ಪದ್ಧತಿ ನಿನ್ನ ತೊಟ್ಟಿ ಹತ್ರ ಇಟ್ಕೊ. ನನ್ನ ಅಂಗಡೀಲಿ ಒಂದೇ ಜಾಡಿ."

ಪುಟ್ಟಿ ಡಬ್ಬಿಯ ಹುಳಗಳನ್ನು ಅಕ್ಕಿಯ ಮೇಲೆ ಬಿಟ್ಟಳು. ಜಾಡಿಯ ಬಾಯಿಗೆ ತೆಳುವಾದ ಜಾಲರಿ ಕಟ್ಟಿದರು. ಜರಡಿ ಸುತ್ತಲೂ ಅರಗು ಕಾಯಿಸಿ ಸುರಿದು, ಸಂಘದ ಮುದ್ರೆ ಒತ್ತಿದ. ಒಳಗಿಂದ ಹೊರಗೆ, ಹೊರಗಿಂದ ಒಳಗೆ ಒಂದು ಹುಳವೂ ಹಾಯುವಂತಿರಲಿಲ್ಲ. ಪುಟ್ಟಿ ಕೇಂದ್ರದ ಹತ್ತಿರದ ತನ್ನ ಮನೆಗೆ ಹೊರಡುವಾಗ ಯಾವಾಗಿನಂತೆ ತಾಯಿ ಅದೇ ಮೂಟೆಯಿಂದ ಅವಳ ಚೀಲಕ್ಕೂ ಅಕ್ಕಿ ಸುರಿದು ಕಳಿಸಿದಳು.

ಆಮೇಲಿನ ದಿನಗಳಲ್ಲಿ ಅಂಗಡಿಗೆ ಬಂದವರೆಲ್ಲ ಮೊದಲು ಜಾಡಿಗೆ ಮುಖ ಒತ್ತಿ, ಆಮೇಲೆ ಬೇಳೆ ಕೇಳುತ್ತಿದ್ದರು. ಗಾಜಿನ ಮೇಲೆ ಮೂಗಿನ ಗುರುತು ಒರೆಸುವುದೇ ಅಂಗಡಿಯಮ್ಮನಿಗೆ ಒಂದು ಕೆಲಸವಾಯಿತು. ಕಪ್ಪು ಹುಳಗಳು ಮೊದಮೊದಲು ಅಕ್ಕಿಯ ಮೇಲೆಲ್ಲ ಅಲೆದವು. ಕಾಳನ್ನು ಮೂತಿಯಿಂದ ಮುಟ್ಟುವುದು, ಬಿಡುವುದು. ಮದುವೆ ಮನೆಯಲ್ಲಿ ತನಗೆ ಆಗದ ಅಡುಗೆ ಕಂಡ ನೆಂಟರ ಹಾಗೆ. ಆಮೇಲೆ ಒದ್ದೆ ಹತ್ತಿಯ ಸುತ್ತ ಗುಂಪಾಗಿ ಕೂತವು. ಆಮೇಲೆ ಒಂದೊಂದಾಗಿ ಕಾಲು ಮೇಲೆ ಮಾಡಿದವು.

"ಹಟಮಾರಿ ಮುಂಡೇವು," ಎಂದು ದೋಣಿಯವನು ಗೌರವದಿಂದ ಹೇಳಿದ. "ಇಷ್ಟು ಅಕ್ಕಿ ಮೇಲೆ ಮಲಗಿ ಉಪವಾಸ ಸತ್ತವಲ್ಲ ಅಂಗಡಿಯಮ್ಮಾ!"

ಅಂಗಡಿಯಮ್ಮ ಗಾಜಿನ ಮೇಲಿನ ಅವನ ಮೂಗಿನ ಗುರುತು ಒರೆಸಿದಳು. ಆದರೆ ಒಳಗೊಳಗೇ ಹಿಗ್ಗಿದಳು. ಮಗಳ ಮಾತು ನಿಜವಾಗುತ್ತಿತ್ತು. ತನ್ನ ಅಕ್ಕಿಯೂ ಮುತ್ತಿನ ಹಾಗೆ ಹೊಳೆಯುತ್ತಿತ್ತು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎನ್ನುತ್ತಾರಲ್ಲ, ಎರಡೂ ಒಟ್ಟಿಗೆ ಕೈಗೆ ಬರುವ ಕಾಲ ಅದೊಂದೇ ಎನಿಸಿತ್ತು.

ಊರಸಭೆಯ ದಿನ ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ಎತ್ತಿದಳು. ಬೆಳಕು ಜಾಡಿಯ ಮೇಲೆ ಬಿತ್ತು. ಒಳಗೆ ಏನೋ ಹರಿದಾಡಿತು.

ಕನ್ನಡಕ ಹಾಕಿಕೊಂಡು ನೋಡಿದಳು. ಹುಳ. ಒಂದಲ್ಲ, ಹತ್ತಾರು. ಜೀವಂತ. ಕೆಲವು ಕಾಳುಗಳಿಗೆ ಸೂಜಿ ಚುಚ್ಚಿದ ಹಾಗೆ ತೂತು. ಅಡಿಯಲ್ಲಿ ಹಿಟ್ಟಿನ ಧೂಳು.

ಅವಳು ಗಾಜನ್ನು ಉಗುರಿನಿಂದ ತಟ್ಟಿದಳು. ಹತ್ತಿರದ ಹುಳ ಕಾಲು ಮಡಚಿ ಸತ್ತ ಹಾಗೆ ನಟಿಸಿತು.  ಆ ನಾಟಕ ಅವಳಿಗೆ ಹೊಸದಲ್ಲ. ಅರ್ಧ ಆಯಸ್ಸು ಅದನ್ನೇ ನೋಡಿದ್ದಳು. ಮೈ ಕಂದು ಬಣ್ಣ, ಬೆನ್ನ ಮೇಲೆ ಮಾಸಿದ ಕೆಂಪಿನ ನಾಲ್ಕು ಚುಕ್ಕೆ. ಮಗಳು ತಂದ ಕರಿ ಹುಳಗಳು ಹತ್ತಿಯ ಸುತ್ತ ಸತ್ತೇ ಬಿದ್ದಿದ್ದವು. ಇವು ಬೇರೆ.

ಹಿಂದಿನ ಕೋಣೆಗೆ ಹೋಗಿ ಆ ಮೂಟೆಯ ಬಾಯಿ ಬಿಚ್ಚಿ, ಮೊಣಕೈವರೆಗೆ ತೋಳು ತೂರಿಸಿದಳು. ಒಳ್ಳೆಯ ಅಕ್ಕಿ ಮೂಟೆಯ ಒಳಗೆ ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ.

ಅಕ್ಕಿಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು, ಮೇಲೆ ಮೆತ್ತಿ ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ಲಕ್ಷಣವಾಗಿಯೇ ಕಾಣುತ್ತದೆ. ಹೊಸ ಅಕ್ಕಿಯ ಬಿಳುಪಿಗೆ ಮರುಳಾಗಿ, ಬಂದ ದಿನ ಅವಳು ಒಂದು ಹಿಡಿಯನ್ನೂ ನೀರಿಗೆ ಹಾಕಿ ನೋಡಿರಲಿಲ್ಲ. ಹಾಕಿದ್ದರೆ ಟೊಳ್ಳು ಕಾಳು ತೇಲುತ್ತಿತ್ತು.

ಅವಳು ಹೊರಗೆ ಬರುವಷ್ಟರಲ್ಲಿ ಜರಡಿಯ ಮೂಗು ಗಾಜಿಗೆ ಅಂಟಿತ್ತು.

"ಅಕ್ಕಾ! ಮರಿ ಹಾಕಿಬಿಟ್ಟಿವೆ! ನಿಮ್ಮ ಅಕ್ಕಿ ತಿಂದು ಸಂಸಾರ ಬೆಳೆಸಿವೆ!" ಎಂದು ಕೂಗುತ್ತಲೇ ಬೀದಿಗೆ ಓಡಿದ.

'ಅಲ್ಲ ಕಣೋ' ಎನ್ನುವ ಮಾತು ಅಂಗಡಿಯಮ್ಮನ ನಾಲಗೆಯ ತುದಿಗೆ ಬಂದು ಅಲ್ಲೇ ಕೂತಿತು. ತಲೆಯ ಮೇಲೆ ಬಣ್ಣದ ಅಕ್ಷರ ನೇತಾಡುತ್ತಿತ್ತು.

ಸಂಜೆ ಊರಸಭೆಯ ಹಜಾರದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯಲ್ಲಿ ಕೂತಿದ್ದರು. ಅಧ್ಯಕ್ಷರು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಯಾರು ಮಾತಾಡಿದರೂ ಒಳಗಿನ ಚಕ್ರ ಸರಿ ತಿರುಗುತ್ತಿದೆಯೋ ಇಲ್ಲವೋ ಎಂಬಂತೆ ತಲೆ ಓರೆ ಮಾಡಿ ಕೇಳುವ ಅಭ್ಯಾಸ ಅವರಿಗೆ. ಮುದ್ರೆ ಒಡೆಯದ ಜಾಡಿ ಅವರ ಮುಂದೆ ಇತ್ತು.

ಜರಡಿ ಎದ್ದು ನಿಂತು ಮೈಯ ಹಿಟ್ಟು ಹಾರುವ ಹಾಗೆ ಮಾತಾಡಿದ. "ಇನ್ನೇನು ನೋಡೋದು ಸ್ವಾಮಿ? ಹಾಕಿದ್ದು ಸತ್ತಿರಬಹುದು, ಆದ್ರೆ ಸಾಯೋ ಮುಂಚೆ ವಂಶ ಉಳಿಸಿ ಹೋಗಿವೆ. ನಾಳೆ ಇವು ಕೆರೆಯಿಂದ ಎದ್ದು ಬಂದ್ರೆ ಪೇಟೆ ಬಾಗಿಲು ಹಾಕಬೇಕಷ್ಟೆ. ವಿಷಾನೇ ಹೊಡೆಸಿ. ಆ ತೊಟ್ಟಿಗಳನ್ನೂ ಖಾಲಿ ಮಾಡಿಸಿ."

"ಡಾಕ್ಟ್ರಮ್ಮ, ನೀವೇನು ಹೇಳ್ತೀರಿ?" ಎಂದರು ಅಧ್ಯಕ್ಷರು.

ಪುಟ್ಟಿ ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ನಾನು ಬಿಟ್ಟ ಹುಳ ಎಲ್ಲ ಇಲ್ಲಿ ಸತ್ತು ಬಿದ್ದಿವೆ. ಜೀವ ಇರೋವು ಅವುಗಳ ಮರಿ ಅಲ್ಲ. ಬೇರೆ ಜಾತಿ."

"ಹಾಗಾದ್ರೆ ಮುಚ್ಚಿದ ಜಾಡಿಗೆ ಎಲ್ಲಿಂದ ಬಂದ್ವು?"

ಪುಟ್ಟಿ ತಾಯಿಯ ಕಡೆ ಒಂದು ಕ್ಷಣ ನೋಡಿದಳು. ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.

"ಗೊತ್ತಿಲ್ಲ," ಎಂದಳು.

ಹಜಾರದಲ್ಲಿ ಗುಜುಗುಜು ಎದ್ದಿತು. ದೋಣಿಯವನು ತಲೆ ತಗ್ಗಿಸಿದ. ಅಂಗಡಿಯಮ್ಮ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದಳು. ಹುಳದ ವಿಷಯದಲ್ಲಿ ಈ ಹುಡುಗಿ ಹುಟ್ಟಿದಂದಿನಿಂದ 'ಗೊತ್ತಿಲ್ಲ' ಎಂದವಳಲ್ಲ. ಕೇಳಿದರೂ ಹೇಳುವಳು, ಕೇಳದಿದ್ದರೂ ಹೇಳುವಳು, ಊಟಕ್ಕೆ ಕೂತಾಗ ಬೇಡವೆಂದರೂ ಹೇಳುವಳು. ಮತ್ತೆ ಆ ಚೀಲ ಯಾಕೆ ದುಂಡಗೆ ಉಬ್ಬಿದೆ?

ತಿಳಿಯಿತು. ತಾಯಿಯ ಬಾಗಿಲ ಮೇಲಿನ ಬರಹ ಉಳಿಯಲೆಂದು ಮಗಳು ತನ್ನ ಇಷ್ಟು ವರ್ಷದ ಕೆಲಸವನ್ನು ಮಡಿಲಲ್ಲಿಟ್ಟುಕೊಂಡು ಮುಳುಗಿಸಲು ಕೂತಿದ್ದಾಳೆ.

ಅಂಗಡಿಯಮ್ಮ ಎದ್ದಳು. ಅವಳು ಎದ್ದರೆ ಪೇಟೆ ಸುಮ್ಮನಾಗುವುದು ವಾಡಿಕೆ.

"ಪುಟ್ಟಿ, ಚೀಲದಲ್ಲಿ ಏನಿದೆ ತೆಗಿ."

"ಏನಿಲ್ಲಮ್ಮ."

"ನಿನ್ನ ಹೆತ್ತವಳು ನಾನು. ನೀನು ಬೆಂಕಿಪೊಟ್ಟಣ ಬಚ್ಚಿಟ್ಕೋತಿದ್ದಾಗ್ಲೂ ಹೀಗೇ ಒತ್ತಿ ಹಿಡ್ಕೋತಿದ್ದೆ. ತೆಗಿ!"

ಪುಟ್ಟಿ ಚೀಲ ಬಿಚ್ಚಿದಳು. ಒಳಗಿನಿಂದ ಇನ್ನೊಂದು ಗಾಜಿನ ಜಾಡಿ ಹೊರಬಂತು. ಅದೇ ಅಕ್ಕಿ, ಅದೇ ಒದ್ದೆ ಹತ್ತಿ, ಅದೇ ಜಾಲರಿ. ಕರಿ ಹುಳ ಒಂದೂ ಇಲ್ಲ. ಆದರೂ ಕಾಳುಗಳ ಮೇಲೆ ಕಂದು ಹುಳಗಳು ಹಬ್ಬದ ಸಂಜೆಯ ಬೀದಿಯಂತೆ ಓಡಾಡುತ್ತಿದ್ದವು.

"ಕೇಳಿ ಎಲ್ಲರೂ," ಎಂದಳು ಅಂಗಡಿಯಮ್ಮ. "ಎರಡು ಜಾಡಿ ಇಡೋಣ ಅಂತ ಅವತ್ತೇ ಹೇಳಿದ್ಲು. ನನ್ನ ಅಂಗಡಿ ಮರ್ಯಾದೆ ಹೋಗತ್ತೆ ಅಂತ ನಾನು ಬೇಡ ಅಂದೆ. ಅದಕ್ಕೆ ನಾನು ಊಟಕ್ಕೆ ಕೊಟ್ಟ ಅಕ್ಕಿಯಲ್ಲೇ ಅವಳು ತನ್ನ ತೊಟ್ಟಿ ಹತ್ರ ಎರಡನೇದನ್ನ ಇಟ್ಟಿದ್ದಾಳೆ. ಇದ್ರಲ್ಲಿ ಅವಳ ಹುಳ ಬಿಟ್ಟಿಲ್ಲ. ಆದ್ರೂ ಹುಳ ಇದೆ. ಯಾಕೆ? ಹುಳ ಬಂದಿದ್ದು ನನ್ನ ಅಕ್ಕಿಯಿಂದ. ಎರಡು ಜಾಡೀಲಿರೋದೂ ನನ್ನವೇ."

ಕಿಟಕಿಯಲ್ಲಿ ಕೂತವರೂ ಜಾಡಿ ನೋಡಲು ಒಳಕ್ಕೆ ಬಗ್ಗಿದರು.

"ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆಯ ನೊಣ ಓಡಿಸಿದ್ರಂತೆ. ನಾನು ಮಾಡಿದ್ದು ಅದೇ. ಮೂಟೆ ಹಿಂದಿನ ಕೋಣೇಲಿದೆ, ಬೀಗ ಹಾಕಿಲ್ಲ. ಜರಡಿ, ಹೋಗಿ ತೋಳು ಹಾಕಿ ನೋಡೋ. ನಿನಗೂ ಗೊತ್ತಾಗತ್ತೆ."

ಅಧ್ಯಕ್ಷರು ಜೇಬಿನಿಂದ ಹಳೆಯ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಗಡಿಯಾರದ ಹೊಟ್ಟೆ ನೋಡಿದ ಕಣ್ಣು ಅದು. ಒಂದು ಜಾಡಿ ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು.

"ಬದುಕಿರೋದಕ್ಕೆಲ್ಲ ಬೆನ್ನ ಮೇಲೆ ನಾಲ್ಕು ಚುಕ್ಕೆ. ಸತ್ತಿರೋದಕ್ಕೆ ಚುಕ್ಕೆ ಇಲ್ಲ, ಹೊಳಪು ಕಪ್ಪು," ಎಂದರು ನಿಧಾನವಾಗಿ. "ಎರಡನೇ ಜಾಡೀಲಿ ಎಲ್ಲವೂ ಚುಕ್ಕೆಯವೇ. ಬಾರಯ್ಯ, ನೀನೂ ನೋಡು."

ಜರಡಿ ನೋಡಿದ. ಬಹಳ ಹೊತ್ತು ನೋಡಿದ. ಗಿರಣಿಯವನಿಗೆ ಅಕ್ಕಿಹುಳದ ಗುರುತು ಹೇಳಿಕೊಡಬೇಕೇ?

"ಹೌದು ಸ್ವಾಮಿ," ಎಂದ ಕೊನೆಗೆ. "ಇವು ನಮ್ಮ ಹಳೇ ನೆಂಟರೇ. ಆ ಕರಿಯವು ಪಾಪ, ಅನ್ನದ ಮೇಲೆ ಕೂತು ಹಸಿದು ಸತ್ತಿವೆ." ಆಮೇಲೆ ತನ್ನ ಸ್ವಭಾವ ಬಿಡಲಾರದೆ, "ಅಂದ ಹಾಗೆ ಅಕ್ಕಾ, ಹುಳ ತೋರಿಸಿದವರಿಗೆ ಮೂಟೆ ಅಲ್ವಾ?" ಎಂದ.

"ಮಾತು ಅಂದ್ರೆ ಮಾತು. ಮೂಟೆ ಪುಟ್ಟಿಗೆ ಸಲ್ಲುತ್ತೆ. ಮೊದಲು ಕಂಡವಳು ಅವಳು."

ಹಜಾರ ಬಿರಿಯುವ ಹಾಗೆ ನಗು ಎದ್ದಿತು. ಆ ನಗುವಿನಲ್ಲೇ ಹುಳ ಬಿಡಲು ಒಪ್ಪಿಗೆಯೆಂದು ಕೈಗಳು ಮೇಲೆ ಹೋದವು. ಮೊದಲು ದೋಣಿಯವನದು, ಆಮೇಲೆ ಸಂಘದವರದು, ಕೊನೆಗೆ ಹಿಟ್ಟು ಮೆತ್ತಿದ ಒಂದು ಕೈಯೂ. ಪುಟ್ಟಿ ಎರಡೂ ಜಾಡಿಗಳನ್ನು ಅಪ್ಪಿಕೊಂಡು ನಿಂತಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯುತ್ತಿರಲಿಲ್ಲ.

"ಯಾಕಮ್ಮ ಹೇಳಿದೆ?" ಎಂದಳು ದಾರಿಯಲ್ಲಿ. "ಅಂಗಡಿ ಹೆಸರು?"

"ಹೆಸರು ಹೋದ್ರೆ ಮತ್ತೆ ಸಂಪಾದಿಸಬಹುದು ಕಣೇ, ನನಗೆ ಆ ಕೆಲಸ ಗೊತ್ತು. ನೀನು ಸುಳ್ಳು ಹೇಳೋದು ಕಲಿತ್ರೆ ಅದನ್ನ ಬಿಡಿಸೋದು ಹೇಗೆ ಅಂತ ನನಗೆ ಗೊತ್ತಿಲ್ಲ."

ಮೊದಲ ಕೆಲವು ವಾರ ಅಂಗಡಿಗೆ ಗಿರಾಕಿ ಕಡಿಮೆಯಾದದ್ದು ನಿಜ. ಅಂಗಡಿಯಮ್ಮ ಕೈಕಟ್ಟಿ ಕೂರಲಿಲ್ಲ. ಹುಳ ಬಿದ್ದು ಬೆಚ್ಚಗಾಗಿದ್ದ ಮೂಟೆಯನ್ನು ಎಲ್ಲರ ಎದುರಿಗೆ ಹೊರಗೆ ಹಾಕಿದಳು. ಬಾಗಿಲ ಮೇಲಿನ ಬರಹ ಕಾಣದಂತೆ ಬಣ್ಣ ಬಳಿಸಿ, ಬಂದ ಪ್ರತಿ ಹೊಸ ಮಾಲಿನದೂ ಒಂದೊಂದು ಜಾಡಿ ತುಂಬಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಒಳಗೇನಿದೆಯೋ ಅದೇ ಹೊರಗೂ ಕಾಣತ್ತೆ, ನೋಡಿ ತಗೊಳ್ಳಿ," ಎಂದಳು. ಜನ ಮತ್ತೆ ಗಾಜಿಗೆ ಮೂಗು ಒತ್ತಲು ಬಂದರು. ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ವರ್ಷ ತಿರುಗುವುದರೊಳಗೆ ಪೇಟೆಯ ಅಂಗಡಿಗಳಲ್ಲೆಲ್ಲ ಜಾಡಿ ಕಾಣಿಸಿತು. ಗಿರಣಿಯಲ್ಲಿ ಎರಡು.

ಕೆರೆಯದು ಅಷ್ಟು ಬೇಗ ಆಗುವ ಕೆಲಸವಾಗಿರಲಿಲ್ಲ. ಹಳೆಯ ಮೆಟ್ಟಿಲ ಹತ್ತಿರ ಪುಟ್ಟಿ ಹುಳ ಬಿಟ್ಟಾಗ ಅವು ಆ ಹಸಿರಿನಲ್ಲಿ ಎಲ್ಲಿ ಹೋದವೋ ಯಾರಿಗೂ ಕಾಣಲಿಲ್ಲ. ತಿಂಗಳುಗಳು ಕಳೆದವು. "ಮಲಗಿವೆಯೇನೋ, ಎಬ್ಬಿಸಿ ಡಾಕ್ಟ್ರೇ," ಎಂದು ಜರಡಿ ಕಾಡಿದ. ಆಮೇಲೆ ಒಂದು ದಿನ ದೋಣಿಯವನು ಕುರ್ಚಿಯ ಮುರಿದ ಕಾಲು ಕೈಯಲ್ಲಿ ಹಿಡಿದುಕೊಂಡೇ ಪೇಟೆಗೆ ಓಡಿಬಂದ. ಮೆಟ್ಟಿಲ ಬಳಿ ಚಾಪೆಯಗಲ ಕಳೆ ಕಂದಿತ್ತು. ಚಾಪೆ ಅಂಗಳವಾಯಿತು, ಅಂಗಳ ಹೊಲವಾಯಿತು. ಒಂದು ಬೇಸಿಗೆಯಲ್ಲಿ ಇಡೀ ಕೆರೆ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿ, ನೋಡನೋಡುತ್ತಿದ್ದಂತೆ ತಳಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಊರು ಎದ್ದು ನೋಡಿದರೆ ಕೆರೆಯಲ್ಲಿ ಆಕಾಶವಿತ್ತು.

ಕಳೆ ಕಡಿಮೆಯಾದ ಹಾಗೆ ಕರಿ ಹುಳವೂ ಕಡಿಮೆಯಾಯಿತು. ಊಟ ಮುಗಿದರೂ ಅವು ಏರಿ ಹತ್ತಿ ಪೇಟೆಗೆ ಬರಲಿಲ್ಲ. ಕೆರೆಯಂಚಿನಲ್ಲಿ ಉಳಿದ ನಾಲ್ಕು ಗಿಡಕ್ಕೆ ಅಂಟಿಕೊಂಡು ಕಾವಲು ಕಾದವು.

ದೋಣಿಯವನು ಬೆಕ್ಕಿನ ಸಂಸಾರವನ್ನು ಗಿರಣಿಗೆ ಕಳಿಸಿ ದೋಣಿ ಮಗುಚಿದ. ಮೊದಲ ಸಲ ನೀರಿಗಿಳಿಸುವ ದಿನ ಮುಂದಿನ ಹಲಗೆಯ ಮೇಲೆ ಅಂಗಡಿಯಮ್ಮ, ಪಕ್ಕದಲ್ಲಿ ಪುಟ್ಟಿ, ಹಿಂದೆ ಜರಡಿ ಕೂತರು. ಆಚೆ ದಡದಲ್ಲಿ ಜನ ಕಾಳಿನ ಮೂಟೆ ಇಟ್ಟುಕೊಂಡು, ಬಟ್ಟೆ ಬೀಸಿ ಕೂಗುತ್ತಿದ್ದರು. ಹುಟ್ಟು ನೀರಿಗೆ ಬಿದ್ದ ಸದ್ದು ಕೇಳಿ ಎಷ್ಟು ಕಾಲವಾಗಿತ್ತು! ದೋಣಿಯವನು ಬಾಯಿ ಬಿಡದೆ ನಗುತ್ತ, ಬೇಕಾದ್ದಕ್ಕಿಂತ ಜೋರಾಗಿ ಹುಟ್ಟು ಹಾಕಿ ಎಲ್ಲರಿಗೂ ನೀರು ಎರಚಿದ.

"ಮೆಲ್ಲಗೆ ಕಣಯ್ಯ!" ಎಂದು ಜರಡಿ ಅರಚಿದ. "ನನ್ನ ಮೈ ಹಿಟ್ಟೆಲ್ಲ ಕಲಸಿಹೋಯ್ತು!"

ಕೆರೆಯಂಚಿನ ಗಿಡವನ್ನು ದೋಣಿ ಸವರಿಕೊಂಡು ಹೋಗುವಾಗ ಒಂದು ಪುಟ್ಟ ಹುಳ ಹಲಗೆಗೆ ಹತ್ತಿ, ಅಂಗಡಿಯಮ್ಮನ ಮುಂದೆ ಮೂತಿ ಎತ್ತಿ ನಿಂತಿತು. ಅಷ್ಟು ವರ್ಷದ ಅಭ್ಯಾಸ; ಹೆಬ್ಬೆರಳಿನ ಉಗುರು ತಾನೇ ಮೇಲೆದ್ದಿತು.

"ಅಮ್ಮಾ!" ಎಂದು ಪುಟ್ಟಿ ಕಿರುಚಿದಳು.

ಉಗುರು ಗಾಳಿಯಲ್ಲೇ ನಿಂತಿತು. ಅಂಗಡಿಯಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಯಾಕೆ ಹಂಗೆ ಕೂಗ್ತೀಯ? ಚುಕ್ಕೆ ಇದೆಯಾ ಅಂತ ನೋಡ್ತಿದ್ದೆ ಕಣೇ," ಎಂದಳು. ಇರಲಿಲ್ಲ. ಕಪ್ಪಗೆ ಮಿರುಗುತ್ತಿತ್ತು.

ಅವಳು ಅದರ ಮುಂದೆ ಒಂದು ಎಲೆ ಹಿಡಿದಳು. ಅದು ಹತ್ತಿಕೊಂಡಿತು. ಎಲೆಯನ್ನು ಮೆಲ್ಲಗೆ ನೀರಿಗೆ ಬಿಟ್ಟು, ಅಂಗಡಿಗೆ ಬಂದ ಒಳ್ಳೆಯ ಗಿರಾಕಿಯನ್ನು ಕಳಿಸುವ ದನಿಯಲ್ಲಿ ಹೇಳಿದಳು:

"ಹೋಗಿ ಬಾ. ನಿನಗೆ ಬೇಕಾದ್ದು ನನ್ನ ಹತ್ರ ಇಲ್ಲ."